ಪಾಠ ಉಚಿತ, ಮೇಷ್ಟ್ರು ಎಲ್ಲಿ? ಸ್ವಯಂ, ಎನ್‌ಪಿಟೆಲ್ ಕೋರ್ಸ್‌ಗಳ ಬಗ್ಗೆ ವಿದ್ಯಾರ್ಥಿಗಳು, ಬೋಧಕರು ತಿಳಿದಿರಬೇಕಾದ ಸಂಗತಿಗಳು

ಐಐಟಿ ಪ್ರಾಧ್ಯಾಪಕರ ಪಾಠ ಇವತ್ತು ಯಾವುದೋ ಹಳ್ಳಿಯ ಹುಡುಗಿಯ ಮೊಬೈಲಿನಲ್ಲೂ ಸಿಗುತ್ತೆ, ಅದೂ ದುಡ್ಡಿಲ್ಲದೆ. ಈ ಮಾತು ನಿಜ. ಆದರೆ ಕಾಲೇಜಿನಲ್ಲಿ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದೆಯಲ್ಲ ಅಂತ ಕೇಳಿದಾಗ ಇದೇ ಮಾತು ಉತ್ತರವಾಗಿ ಬಂದರೆ ನಾವು ಸ್ವಲ್ಪ ಎಚ್ಚರವಾಗಬೇಕು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡೋ ಅತಿಥಿ ಉಪನ್ಯಾಸಕ. ಇಂಥ ಉಚಿತ ಕೋರ್ಸ್‌ಗಳನ್ನು ನಾನೂ ಮಾಡಿದ್ದೇನೆ, ನನ್ನ ವಿದ್ಯಾರ್ಥಿಗಳಿಗೂ ಮಾಡಿಸಿದ್ದೇನೆ. ಪ್ರತಿ ಸೆಮಿಸ್ಟರ್ ಶುರುವಾದಾಗ ವಿದ್ಯಾರ್ಥಿಗಳು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ: ಇದಕ್ಕೆ ದುಡ್ಡು ಕಟ್ಟಬೇಕಾ? ಮಾರ್ಕ್ಸ್ ಕಾರ್ಡಿಗೆ ಸೇರುತ್ತಾ? ಕನ್ನಡದಲ್ಲಿ ಇದೆಯಾ? ಸಹೋದ್ಯೋಗಿಗಳು ಕೇಳೋದು ಇನ್ನೊಂದು: ಬಡ್ತಿಗೆ ಲೆಕ್ಕಕ್ಕೆ ಬರುತ್ತಾ? ಈ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ನನ್ನದೊಂದು ವಾದವೂ ಇದೆ. ವಿದ್ಯಾರ್ಥಿ ತಾನಾಗಿ ಆರಿಸಿಕೊಂಡಾಗ ಈ ಪಾಠಗಳು ಅವರ ಶಿಕ್ಷಣದ ಹಕ್ಕನ್ನು ಹಿಗ್ಗಿಸುತ್ತವೆ. ಮೇಷ್ಟ್ರು ಇಲ್ಲ ಅನ್ನೋ ಕಾರಣಕ್ಕೆ ಕಾಲೇಜು ಹೇರಿದಾಗ ಅದೇ ಪಾಠಗಳು ಆ ಹಕ್ಕನ್ನು ಕುಗ್ಗಿಸುತ್ತವೆ.

‘ನಿಮ್ಮದೇ ವೇಗ’ ಅಂದರೇನು?

ಮೊದಲು ಎರಡು ಬಗೆಯನ್ನು ಬೇರೆ ಮಾಡಿಕೊಳ್ಳೋಣ. ಒಂದು, ನಿಜವಾಗಿಯೂ ನಮ್ಮದೇ ವೇಗದಲ್ಲಿ ಕಲಿಯೋ ಪಾಠ. ವಿಡಿಯೊ, ಓದುವ ಸಾಮಗ್ರಿ, ಅಭ್ಯಾಸದ ಪ್ರಶ್ನೆಗಳು ಎಲ್ಲವೂ ಒಟ್ಟಿಗೆ ಇರುತ್ತವೆ. ರಾತ್ರಿ ಹನ್ನೊಂದಕ್ಕೆ ನೋಡಬಹುದು, ಪರೀಕ್ಷೆ ಇದ್ದರೆ ಎರಡು ವಾರ ಬಿಡಬಹುದು, ಅರ್ಥವಾಗದಿದ್ದರೆ ಹತ್ತು ಸಲ ಹಿಂದಕ್ಕೆ ಎಳೆದು ನೋಡಬಹುದು. ಕೊನೆಯ ದಿನಾಂಕ ಅಂತ ಇರೋದಿಲ್ಲ.

ಇನ್ನೊಂದು, ಕ್ಯಾಲೆಂಡರ್ ಇರೋ ಕೋರ್ಸ್. ವಾರಕ್ಕೊಂದು ಘಟಕ ತೆರೆಯುತ್ತೆ, ವಾರಕ್ಕೊಂದು ಅಸೈನ್‌ಮೆಂಟ್ ಸಲ್ಲಿಸಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು. ವಾರದೊಳಗೆ ಯಾವ ಹೊತ್ತಿಗೆ ಓದುತ್ತೀರಿ ಅನ್ನೋದು ನಿಮ್ಮಿಷ್ಟ, ಆದರೆ ವಾರ ನಿಮಗಾಗಿ ಕಾಯೋದಿಲ್ಲ. ನಮ್ಮ ‘ಸ್ವಯಂ’ ವೇದಿಕೆಯ ಕ್ರೆಡಿಟ್ ಕೋರ್ಸ್‌ಗಳು ಮುಖ್ಯವಾಗಿ ಈ ಎರಡನೇ ಬಗೆಯವು. ಜನವರಿ ಮತ್ತು ಜುಲೈ ಅಂತ ವರ್ಷಕ್ಕೆ ಎರಡು ಸುತ್ತು ನಡೆಯುತ್ತವೆ. ಕಾಲೇಜುಗಳಲ್ಲಿ ‘ಯಾವಾಗ ಬೇಕಾದರೂ ಮಾಡ್ಕೊಳ್ಳಿ’ ಅಂತ ಹೇಳಿ ಕಳಿಸ್ತಾರೆ. ಮಕ್ಕಳು ನೋಂದಣಿ ಮಾಡಿ ಸುಮ್ಮನಿರುತ್ತಾರೆ. ಮೂರನೇ ವಾರ ತೆರೆದು ನೋಡಿದರೆ ಎರಡು ಅಸೈನ್‌ಮೆಂಟ್‌ಗಳ ಗಡುವು ಮುಗಿದಿರುತ್ತೆ. ಹಾಗಾಗಿ ಕೋರ್ಸ್ ಆರಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ, ಇದಕ್ಕೆ ಗಡುವು ಇದೆಯೋ ಇಲ್ಲವೋ ಅನ್ನೋದು.

ಎಲ್ಲಿಂದ ಶುರುವಾಯ್ತು?

2001ರಲ್ಲಿ ಅಮೆರಿಕದ ಎಂಐಟಿ ತನ್ನ ಕೋರ್ಸ್‌ಗಳ ಸಾಮಗ್ರಿಯನ್ನು ಜಗತ್ತಿಗೆ ಉಚಿತವಾಗಿ ತೆರೆದಿಡೋದಾಗಿ ಘೋಷಿಸಿತು. ಭಾರತ ಇದರಲ್ಲಿ ತುಂಬ ಹಿಂದೆ ಬೀಳಲಿಲ್ಲ. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟೆಲ್ ಯೋಜನೆಯನ್ನು ಕೇಂದ್ರ ಸರ್ಕಾರದ ಹಣದಲ್ಲಿ ಶುರು ಮಾಡಿದವು. ಆಗ ಎಂಜಿನಿಯರಿಂಗ್ ಕಾಲೇಜುಗಳು ಅಣಬೆಗಳ ಹಾಗೆ ಏಳುತ್ತಿದ್ದವು, ಕಲಿಸೋ ನುರಿತ ಮೇಷ್ಟ್ರುಗಳು ಸಾಕಷ್ಟು ಇರಲಿಲ್ಲ. ಯೋಜನೆ ಹುಟ್ಟಿದ ಈ ಹಿನ್ನೆಲೆ ನೆನಪಿರಲಿ, ಮುಂದೆ ಬೇಕಾಗುತ್ತೆ.

2008ರಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಕೋರ್ಸ್ ನಡೆಸಿದರು. ಶುಲ್ಕ ಕಟ್ಟಿದವರು ಸುಮಾರು 25 ಮಂದಿ, ಉಚಿತವಾಗಿ ಸೇರಿಕೊಂಡವರು 2,000ಕ್ಕೂ ಹೆಚ್ಚು. ‘ಮೂಕ್’ ಅನ್ನೋ ಹೆಸರು ಹುಟ್ಟಿದ್ದು ಈ ಕೋರ್ಸಿನ ಸಂದರ್ಭದಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1.6 ಲಕ್ಷ ಮಂದಿ ನೋಂದಾಯಿಸಿಕೊಂಡಾಗ ಹೂಡಿಕೆದಾರರ ಕಣ್ಣು ಇದರ ಮೇಲೆ ಬಿತ್ತು. 2012ರಲ್ಲಿ ಕೋರ್ಸೆರಾ, ಯುಡಾಸಿಟಿ, ಎಡ್‌ಎಕ್ಸ್ ಮೂರೂ ಎದ್ದು ನಿಂತವು. ಇನ್ನು ವಿಶ್ವವಿದ್ಯಾಲಯಗಳೇ ಬೇಡ ಅನ್ನೋ ಮಟ್ಟಕ್ಕೆ ಮಾತು ಹೋಯ್ತು.

ಆಮೇಲೆ ಆಗಿದ್ದೇ ಬೇರೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಲಾಭದ ಉದ್ದೇಶವಿಲ್ಲದೆ ಕಟ್ಟಿದ್ದ ಎಡ್‌ಎಕ್ಸ್ ವೇದಿಕೆಯನ್ನು 2021ರಲ್ಲಿ ‘ಟುಯು’ ಅನ್ನೋ ಖಾಸಗಿ ಕಂಪನಿಗೆ 80 ಕೋಟಿ ಡಾಲರ್‌ಗೆ ಮಾರಲಾಯಿತು. 2024ರಲ್ಲಿ ಆ ಕಂಪನಿಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಕೋರ್ಸೆರಾ 2021ರಲ್ಲಿ ಷೇರುಪೇಟೆಗೆ ಹೋಯ್ತು. ಖಾಸಗಿ ವೇದಿಕೆ ಕೊಡೋ ‘ಉಚಿತ’ ಅದರ ವ್ಯಾಪಾರಕ್ಕೆ ಅನುಕೂಲ ಇರೋವರೆಗೆ ಮಾತ್ರ. ಇವತ್ತು ಬಿಟ್ಟಿ ಸಿಕ್ಕ ಪಾಠಕ್ಕೆ ನಾಳೆ ಚಂದಾ ಕೇಳಬಹುದು. ಸಾರ್ವಜನಿಕ ಹಣದಲ್ಲಿ ಕಟ್ಟಿದ ವೇದಿಕೆಗಳು ನಮಗೆ ಮುಖ್ಯವಾಗೋದು ಇಲ್ಲೇ.

ನಮ್ಮಲ್ಲಿ ಏನೇನು ಸಿಗುತ್ತೆ?

*ಸ್ವಯಂ:* 2017ರ ಜುಲೈ 9ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಕೇಂದ್ರ ಸರ್ಕಾರದ ವೇದಿಕೆ. ಒಂಬತ್ತು ಸಂಸ್ಥೆಗಳು ಇದರ ಸಂಯೋಜಕರು. ಎಂಜಿನಿಯರಿಂಗಿಗೆ ಎನ್‌ಪಿಟೆಲ್, ಪದವಿ ಮಟ್ಟಕ್ಕೆ ಸಿಇಸಿ, ಸ್ನಾತಕೋತ್ತರಕ್ಕೆ ಯುಜಿಸಿ, ಮ್ಯಾನೇಜ್‌ಮೆಂಟಿಗೆ ನಮ್ಮ ಬೆಂಗಳೂರಿನ ಐಐಎಂ, ಶಿಕ್ಷಕರ ತರಬೇತಿಗೆ ಎನ್‌ಐಟಿಟಿಟಿಆರ್, ನಮ್ಮದೇ ವೇಗದ ಕೋರ್ಸ್‌ಗಳಿಗೆ ಎಐಸಿಟಿಇ ಹೀಗೆ. ಪ್ರತಿ ಕೋರ್ಸಿಗೂ ನಾಲ್ಕು ಅಂಗ ಇರಬೇಕು ಅನ್ನೋದು ನಿಯಮ: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಅನುಮಾನ ಕೇಳೋಕೆ ಚರ್ಚಾ ವೇದಿಕೆ. ಮೈಸೂರು ವಿಶ್ವವಿದ್ಯಾಲಯದ ಮಲ್ಟಿಮೀಡಿಯಾ ಕೇಂದ್ರ ಸಿಇಸಿ ಜಾಲಕ್ಕೆ ಸೇರಿದ್ದು.

*ಎನ್‌ಪಿಟೆಲ್:* ಸ್ವಯಂ ಒಳಗೇ ಇದ್ದರೂ ಇದಕ್ಕೆ ತನ್ನದೇ ಜಾಲತಾಣ ಇದೆ. ಹಳೆಯ ಕೋರ್ಸ್‌ಗಳ ವಿಡಿಯೊಗಳೆಲ್ಲ ಅಲ್ಲಿ ಮತ್ತು ಯೂಟ್ಯೂಬಿನಲ್ಲಿ ಹಾಗೇ ಉಳಿದಿವೆ. ಪರೀಕ್ಷೆ ಬೇಡ, ಕಲಿತರೆ ಸಾಕು ಅನ್ನೋರಿಗೆ ಇದು ನಿಜವಾದ ಅರ್ಥದಲ್ಲಿ ನಮ್ಮದೇ ವೇಗದ ಕಲಿಕೆ. ಎಂಜಿನಿಯರಿಂಗ್ ಮಾತ್ರ ಅಂದುಕೊಳ್ಳಬೇಡಿ, ಅರ್ಥಶಾಸ್ತ್ರ, ತತ್ವಶಾಸ್ತ್ರ, ಸಾಹಿತ್ಯ, ಮನಶ್ಶಾಸ್ತ್ರ ಕೂಡ ಇವೆ.

*ಇ-ಪಿಜಿ ಪಾಠಶಾಲಾ:* ಯುಜಿಸಿಯ ಸ್ನಾತಕೋತ್ತರ ಪಠ್ಯಗಳ ಸಂಗ್ರಹ. ಎಂಎ ಓದುತ್ತಿರೋರು ಮತ್ತು ನೆಟ್, ಕೆ-ಸೆಟ್ ತಯಾರಿ ಮಾಡೋರು ಇದನ್ನು ಧಾರಾಳವಾಗಿ ಬಳಸಬಹುದು. ಬರಹದ ರೂಪದಲ್ಲೂ ಇರೋದರಿಂದ ಡೇಟಾ ಕಡಿಮೆ ಸಾಕು.

*ಸ್ಪೋಕನ್ ಟ್ಯುಟೋರಿಯಲ್:* ಐಐಟಿ ಬಾಂಬೆಯ ಯೋಜನೆ. ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಪುಟ್ಟ ಪಾಠಗಳಲ್ಲಿ ಕಲಿಸುತ್ತೆ. ಒಂದು ಕಡೆ ಪಾಠ ಓಡ್ತಿರುತ್ತೆ, ಪಕ್ಕದಲ್ಲೇ ನೀವು ಮಾಡ್ತಾ ಹೋಗಬೇಕು. ಹಲವು ಪಾಠಗಳಿಗೆ ಕನ್ನಡ ದನಿ ಇದೆ. ಡೌನ್‌ಲೋಡ್ ಮಾಡಿ ಇಂಟರ್‌ನೆಟ್ ಇಲ್ಲದ ಲ್ಯಾಬಿನಲ್ಲೂ ನಡೆಸಬಹುದು.

*ವರ್ಚುವಲ್ ಲ್ಯಾಬ್ಸ್:* ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡೋ ವ್ಯವಸ್ಥೆ. ಸುರತ್ಕಲ್‌ನ ಎನ್‌ಐಟಿಕೆ ಇದರ ಪಾಲುದಾರ ಸಂಸ್ಥೆಗಳಲ್ಲಿ ಒಂದು. ನಿಜವಾದ ಲ್ಯಾಬಿಗೆ ಬದಲಿ ಆಗೋದಿಲ್ಲ, ಆದರೆ ಲ್ಯಾಬಿಗೆ ಹೋಗೋ ಮೊದಲಿನ ತಯಾರಿಗೆ ಒಳ್ಳೆಯದು.

*ಓಪನ್‌ಲರ್ನ್:* ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2006ರಲ್ಲಿ ತೆರೆದದ್ದು. ನಮ್ಮದೇ ವೇಗದ, ಗಡುವಿಲ್ಲದ ಕಿರು ಕೋರ್ಸ್‌ಗಳು ಬೇಕಾದಷ್ಟಿವೆ. ಇಂಗ್ಲಿಷ್ ಬರವಣಿಗೆ, ಓದುವ ಕೌಶಲ, ಸಂಶೋಧನೆಯ ಮೊದಲ ಪಾಠ ಇಂಥವಕ್ಕೆ ನಾನು ವಿದ್ಯಾರ್ಥಿಗಳನ್ನು ಇಲ್ಲಿಗೇ ಕಳಿಸೋದು.

ಎಷ್ಟರ ಮಟ್ಟಿಗೆ ಉಚಿತ?

ಸ್ವಯಂನಲ್ಲಿ ನೋಂದಣಿ ಉಚಿತ, ಪಾಠ ಉಚಿತ, ಅಸೈನ್‌ಮೆಂಟ್ ಉಚಿತ. ಪ್ರಮಾಣಪತ್ರ ಬೇಕಾದರೆ ಪರೀಕ್ಷೆ ಬರೀಬೇಕು, ಅದಕ್ಕೆ ಶುಲ್ಕ ಇದೆ. ಎನ್‌ಪಿಟೆಲ್‌ನಲ್ಲಿ ಒಂದು ಕೋರ್ಸಿನ ಪರೀಕ್ಷೆಗೆ ಬಹುಕಾಲದಿಂದ 1,000 ರೂಪಾಯಿ ನಡೆದು ಬಂದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಅರ್ಜಿ ತುಂಬುವಾಗಲೇ ದಾಖಲೆ ಕೊಡಬೇಕು. ಪರೀಕ್ಷೆ ಮನೆಯಲ್ಲಿ ಕೂತು ಬರೆಯೋದಲ್ಲ, ನಿಗದಿಯಾದ ಕೇಂದ್ರಕ್ಕೆ ಹೋಗಬೇಕು. ಕೇಂದ್ರ ಬೇರೆ ಊರಿನಲ್ಲಿದ್ದರೆ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ ಬಿಟ್ಟದ್ದು ಎಲ್ಲ ಸೇರಿ ಶುಲ್ಕಕ್ಕಿಂತ ಹೆಚ್ಚೇ ಆಗಬಹುದು.

ಇನ್ನು ಯಾವ ರಸೀದಿಯಲ್ಲೂ ಕಾಣದ ಖರ್ಚು ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ, ಅಂದರೆ ಸ್ವಯಂ ಶುರುವಾದ ಹೊತ್ತಿನಲ್ಲೇ, ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟು ಮನೆಗಳಲ್ಲಿ, ಇಂಟರ್‌ನೆಟ್ ಸೌಲಭ್ಯ ಶೇ 14.9ರಷ್ಟು ಮನೆಗಳಿಗೆ. ನಗರದಲ್ಲಿ ಇವು ಶೇ 23.4 ಮತ್ತು ಶೇ 42. ಆಮೇಲೆ ಮೊಬೈಲ್ ಡೇಟಾ ಅಗ್ಗವಾಯ್ತು, ಕೋವಿಡ್ ಬಂತು, ಚಿತ್ರ ಬದಲಾಯ್ತು, ನಿಜ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇನೆ ಅಂದ ಹೆಂಗಸರು ಮೂವರಲ್ಲಿ ಒಬ್ಬರು, ಗಂಡಸರು ಶೇ 57. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಫೋನ್ ಅಣ್ಣನ ಬಳಿ ಇದ್ದರೆ, ಸಂಜೆ ಮನೆಗೆಲಸ ತಂಗಿಯ ಪಾಲಿಗೆ ಇದ್ದರೆ, ‘ನಿಮ್ಮದೇ ವೇಗ’ ಅನ್ನೋದು ಇಬ್ಬರಿಗೂ ಒಂದೇ ಆಗಿರೋದಿಲ್ಲ.

ಮುಗಿಸುವವರು ಎಷ್ಟು ಮಂದಿ?

ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸ್‌ಗಳ ದತ್ತಾಂಶವನ್ನು ಜಸ್ಟಿನ್ ರೈಕ್ ಮತ್ತು ಹೋಸೆ ರೂಯಿಪೆರೆಜ್-ವಾಲಿಯೆಂಟೆ ಅನ್ನೋ ಸಂಶೋಧಕರು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2017-18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ 3.13. ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೋರ್ಸಿನ ಬಾಗಿಲನ್ನೇ ತೆರೆದಿರಲಿಲ್ಲ. ಸೇರಿದವರಲ್ಲಿ ಬಹುಪಾಲು ಅನುಕೂಲವಂತ ದೇಶಗಳವರು.

ಈ ಅಂಕಿಯನ್ನು ಹಿಡಿದು ಆನ್‌ಲೈನ್ ಪಾಠ ದಂಡ ಅನ್ನೋದು ತಪ್ಪಾಗುತ್ತೆ. ಎಷ್ಟೋ ಜನ ಕುತೂಹಲಕ್ಕೆ ಸೇರುತ್ತಾರೆ, ತಮಗೆ ಬೇಕಾದ ಎರಡು ಪಾಠ ನೋಡಿ ಹೋಗುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ತಿರುವಿ ಹಾಕಿದವರೆಲ್ಲ ಅದನ್ನು ಪೂರ್ತಿ ಓದುತ್ತಾರಾ? ಅದೇ ಅಧ್ಯಯನದಲ್ಲಿ ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆ ಸೇರಿದವರ ಪೈಕಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಮುಗಿಸಿದ್ದಾರೆ. ಆದರೆ ಒಂದು ಮಾತು ಇದರಿಂದ ಸ್ಪಷ್ಟ: ಬರೀ ಪಾಠ ಇಟ್ಟುಬಿಟ್ಟರೆ ಕಲಿಕೆ ತನ್ನಷ್ಟಕ್ಕೆ ಆಗೋದಿಲ್ಲ. ಗ್ರಂಥಾಲಯ ಕಟ್ಟಿಸಿ ಶಾಲೆ ಮುಚ್ಚೋದನ್ನು ಯಾರೂ ಒಪ್ಪಲ್ಲ. ಮೂಕ್ ವಿಷಯದಲ್ಲಿ ಮಾತ್ರ ಅದೇ ಲೆಕ್ಕ ಸರಿ ಅನ್ನಿಸಿಬಿಡುತ್ತೆ.

ಒಂದೇ ವಿಶ್ವವಿದ್ಯಾಲಯ, ಎರಡು ಪ್ರಯೋಗ

ಮೇಷ್ಟ್ರು ಇದ್ದರೆ ಏನಾಗುತ್ತೆ, ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಕತೆ ಒಳ್ಳೆಯ ಉದಾಹರಣೆ. ಅದು ಸರ್ಕಾರಿ ವಿಶ್ವವಿದ್ಯಾಲಯ, ದುಡಿಯುವ ಮನೆಗಳ ಮಕ್ಕಳು ಓದೋ ಜಾಗ.

2012ರಲ್ಲಿ ಅಲ್ಲಿ ಎಂಐಟಿಯ ಎಲೆಕ್ಟ್ರಾನಿಕ್ಸ್ ಪಾಠಗಳನ್ನು ತರಗತಿಯ ಜೊತೆ ಸೇರಿಸಿದರು. ಮಕ್ಕಳು ಮನೆಯಲ್ಲಿ ವಿಡಿಯೊ ನೋಡಿ ಬರೋದು, ತರಗತಿಯಲ್ಲಿ ಮೇಷ್ಟ್ರ ಜೊತೆ ಕೂತು ಲೆಕ್ಕ ಬಿಡಿಸೋದು. ಹಿಂದೆ ಶೇ 60ರ ಒಳಗಿದ್ದ ಉತ್ತೀರ್ಣರ ಪ್ರಮಾಣ ಶೇ 91ಕ್ಕೆ ಏರಿತು. 2013ರ ಆರಂಭದಲ್ಲಿ ಅದೇ ವಿಶ್ವವಿದ್ಯಾಲಯ ಯುಡಾಸಿಟಿ ಜೊತೆ ಸೇರಿ ಗಣಿತದ ಕೋರ್ಸ್‌ಗಳನ್ನು ಬಹುಪಾಲು ಆನ್‌ಲೈನಿನಲ್ಲೇ ನಡೆಸಿತು. ಫಲಿತಾಂಶ ಎಷ್ಟು ಕೆಟ್ಟದಾಯ್ತು ಅಂದರೆ ಅದೇ ಜುಲೈನಲ್ಲಿ ಕಾರ್ಯಕ್ರಮವನ್ನು ತಡೆಹಿಡಿಯಬೇಕಾಯ್ತು. ವಿಷಯ ಬೇರೆ, ಮಕ್ಕಳ ತಯಾರಿ ಬೇರೆ, ಹಾಗಾಗಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ಅಳೆಯೋಕೆ ಆಗೋದಿಲ್ಲ. ಆದರೂ ಗಣಿತದಲ್ಲಿ ಹಿಂದಿರೋ ಮಕ್ಕಳಿಗೆ, ಅಂದರೆ ಮೇಷ್ಟ್ರು ಅತಿ ಹೆಚ್ಚು ಬೇಕಾಗಿದ್ದವರಿಗೇ, ಮೇಷ್ಟ್ರಿಲ್ಲದ ಪಾಠ ಕೊಟ್ಟರು ಅನ್ನೋದನ್ನು ಗಮನಿಸಿ.

ಅದೇ ವರ್ಷ ಏಪ್ರಿಲ್‌ನಲ್ಲಿ ಆ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದವರು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕಲ್ ಸ್ಯಾಂಡಲ್‌ಗೆ ಬಹಿರಂಗ ಪತ್ರ ಬರೆದರು. ನ್ಯಾಯದ ಬಗ್ಗೆ ಅವರ ಪ್ರಸಿದ್ಧ ಆನ್‌ಲೈನ್ ಕೋರ್ಸನ್ನು ತಮ್ಮ ವಿಭಾಗದಲ್ಲಿ ಬಳಸೋದಿಲ್ಲ ಅಂದರು. ಅವರ ಆತಂಕ ಇದು: ಶ್ರೀಮಂತರ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳಿಗೆ ಕಣ್ಣೆದುರಿಗೆ ಪ್ರಾಧ್ಯಾಪಕರು, ಬಡವರ ವಿಶ್ವವಿದ್ಯಾಲಯಗಳಲ್ಲಿ ಅದೇ ಪ್ರಾಧ್ಯಾಪಕರ ವಿಡಿಯೊ, ಹೀಗೆ ಎರಡು ದರ್ಜೆ ಹುಟ್ಟಿಕೊಳ್ಳುತ್ತವೆ, ವಿಭಾಗಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ಸ್ಯಾಂಡಲ್ ಕೂಡ ಆ ಆತಂಕದಲ್ಲಿ ಅರ್ಥ ಇದೆ ಅಂತಲೇ ಉತ್ತರಿಸಿದರು.

ನಮ್ಮ ನಿಯಮ ಏನು ಹೇಳುತ್ತೆ?

ಈಗ ನಮ್ಮ ದೇಶಕ್ಕೆ ಬರೋಣ. ಸ್ವಯಂ ಕೋರ್ಸ್‌ಗಳ ಕ್ರೆಡಿಟ್ ವರ್ಗಾವಣೆಗೆ ಯುಜಿಸಿ 2016ರಲ್ಲಿ ನಿಯಮ ತಂದಿತು. ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 20ರವರೆಗೆ ಸ್ವಯಂ ಮೂಲಕ ಮಾಡಬಹುದು ಅಂತಿತ್ತು. 2021ರ ನಿಯಮ ಈ ಮಿತಿಯನ್ನು ಶೇ 40ಕ್ಕೆ ಏರಿಸಿತು. ಐದು ಪೇಪರ್ ಇದ್ದರೆ ಎರಡು ಪೇಪರ್ ಅಂತ ಲೆಕ್ಕ ಹಾಕಿಕೊಳ್ಳಿ. ಅದೇ ವರ್ಷ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ಈ ಕ್ರೆಡಿಟ್‌ಗಳನ್ನು ಜಮಾ ಮಾಡಿ ಇಟ್ಟುಕೊಳ್ಳಬಹುದು.

2016ರ ನಿಯಮವನ್ನು ನಮ್ಮ ವಿದ್ಯಾರ್ಥಿ ಸಂಘಟನೆಗಳು ಒಮ್ಮೆ ಕೂತು ಓದಬೇಕು ಅನ್ನೋದು ನನ್ನ ಆಸೆ. ಯಾವ ಸಂದರ್ಭದಲ್ಲಿ ಕಾಲೇಜು ಸ್ವಯಂ ಕೋರ್ಸ್ ಆರಿಸಬಹುದು ಅನ್ನೋದಕ್ಕೆ ಅದು ಕೊಟ್ಟಿರೋ ಕಾರಣಗಳಲ್ಲಿ ಒಂದು, ವಿಭಾಗದಲ್ಲಿ ಸೂಕ್ತ ಬೋಧಕರು ಇಲ್ಲದಿರೋದು. ಬೇರೆ ಕಾರಣಗಳೂ ಇವೆ: ವಿದ್ಯಾರ್ಥಿ ಬಯಸಿದ ಐಚ್ಛಿಕ ವಿಷಯ ಕಾಲೇಜಿನಲ್ಲಿ ಇಲ್ಲದಿರೋದು, ತರಗತಿಯ ಪಾಠಕ್ಕೆ ಪೂರಕವಾಗೋದು. ಈ ಎರಡರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊದಲನೆಯದು ನೇಮಕಾತಿ ಮಾಡದೇ ಇರೋದಕ್ಕೆ ನಿಯಮದಲ್ಲೇ ಸಿಕ್ಕ ಸಮಜಾಯಿಷಿ. ಹುದ್ದೆ ತುಂಬಬೇಡಿ, ಬೋಧಕರು ಇಲ್ಲ ಅಂತ ಬರೆಯಿರಿ, ಮಕ್ಕಳಿಗೆ ಲಿಂಕ್ ಕಳಿಸಿ.

ಇದು ಬರೀ ಊಹೆ ಅಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಐಚ್ಛಿಕ ವಿಷಯವೊಂದಕ್ಕೆ ಮೇಷ್ಟ್ರು ಇರಲಿಲ್ಲ. ಇಡೀ ತರಗತಿಗೆ ಆನ್‌ಲೈನ್ ಕೋರ್ಸಿಗೆ ಸೇರಿಕೊಳ್ಳಿ ಅಂತ ವಾಟ್ಸಾಪಿನಲ್ಲಿ ಸಂದೇಶ ಬಂತು. ಮಾರ್ಗದರ್ಶಕರು ಯಾರು ಅಂತ ಮಕ್ಕಳು ಕೇಳಿದರೆ ಉತ್ತರ ಇಲ್ಲ. ಕಂಪ್ಯೂಟರ್ ಲ್ಯಾಬಿಗೆ ಬೀಗ. ಪರೀಕ್ಷಾ ಶುಲ್ಕ ಮಕ್ಕಳದೇ ಕೈಯಿಂದ. ಟೈಮ್ ಟೇಬಲ್ಲಿನಲ್ಲಿ ಮಾತ್ರ ಆ ವಿಷಯಕ್ಕೆ ವಾರಕ್ಕೆ ನಾಲ್ಕು ಪೀರಿಯಡ್ ಹಾಗೇ ಇತ್ತು.

ಅದೇ 2016ರ ನಿಯಮದಲ್ಲಿ ಕಾಲೇಜಿನ ಹೊಣೆಗಳನ್ನೂ ಬರೆದಿದ್ದಾರೆ. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮೊದಲು ಈ ಮೂರನ್ನು ಗುರುತು ಹಾಕಿಕೊಳ್ಳಿ:

- ಕೋರ್ಸಿಗೆ ಬೇಕಾದ ಕಂಪ್ಯೂಟರ್, ಲ್ಯಾಬ್, ಗ್ರಂಥಾಲಯ ಸೌಲಭ್ಯವನ್ನು ಕಾಲೇಜು ಉಚಿತವಾಗಿ, ಸಾಕಷ್ಟು ಪ್ರಮಾಣದಲ್ಲಿ ಕೊಡಬೇಕು.
- ಕೋರ್ಸ್ ಉದ್ದಕ್ಕೂ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡೋಕೆ, ಪ್ರಾಯೋಗಿಕ ತರಗತಿ ನಡೆಸೋಕೆ ಒಬ್ಬ ಸಂಯೋಜಕರನ್ನು ಕಾಲೇಜು ನೇಮಿಸಬೇಕು.
- ನಿಯಮದಂತೆ ಗಳಿಸಿದ ಕ್ರೆಡಿಟ್ಟನ್ನು ವರ್ಗಾಯಿಸಿಕೊಳ್ಳೋದಕ್ಕೆ ವಿಶ್ವವಿದ್ಯಾಲಯ ನಿರಾಕರಿಸುವಂತಿಲ್ಲ.

ಅಂಕಗಳ ಲೆಕ್ಕವನ್ನೂ ತಿಳಿದಿರಿ. ಯುಜಿಸಿ ಚೌಕಟ್ಟಿನಲ್ಲಿ ಆಂತರಿಕ ಅಂಕ 30, ಅಂತಿಮ ಪರೀಕ್ಷೆ 70. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10 ಮತ್ತು ಪರೀಕ್ಷೆಯಲ್ಲಿ ಕನಿಷ್ಠ 30 ಬರಬೇಕು. ನಾಲ್ಕು ವಾರದ ಕೋರ್ಸಿಗೆ ಒಂದು, ಎಂಟು ವಾರಕ್ಕೆ ಎರಡು, ಹನ್ನೆರಡು ವಾರಕ್ಕೆ ಮೂರು ಕ್ರೆಡಿಟ್ ಅಂತ ಎನ್‌ಪಿಟೆಲ್ ಶಿಫಾರಸು ಮಾಡುತ್ತೆ. ನಿಮ್ಮ ವಿಶ್ವವಿದ್ಯಾಲಯ ಯಾವ ಕೋರ್ಸನ್ನು ಯಾವ ಪೇಪರಿಗೆ ಸಮ ಅಂತ ಒಪ್ಪಿದೆ ಅನ್ನೋದನ್ನು ಸೇರುವ ಮೊದಲೇ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಫಲಿತಾಂಶದ ದಿನ ಕೆಲಸಕ್ಕೆ ಬರಲ್ಲ.

ಬೋಧಕರಿಗೆ ಏನಿದೆ?

ಕಾಲೇಜು ಅಧ್ಯಾಪಕರಿಗಾಗಿ 2018ರಲ್ಲಿ ‘ಅರ್ಪಿತ್’ ಅನ್ನೋ ಕಾರ್ಯಕ್ರಮ ಸ್ವಯಂನಲ್ಲಿ ಶುರುವಾಯ್ತು. ದೇಶದ 75 ಸಂಸ್ಥೆಗಳನ್ನು ಸಂಪನ್ಮೂಲ ಕೇಂದ್ರಗಳಾಗಿ ಗುರುತಿಸಿ, ವಿಷಯವಾರು 40 ಗಂಟೆಗಳ ಕೋರ್ಸ್ ರೂಪಿಸಿದರು. ಪರೀಕ್ಷೆ ಪಾಸಾದರೆ ಅದನ್ನು ಬಡ್ತಿಗೆ ಬೇಕಾದ ರಿಫ್ರೆಷರ್ ಕೋರ್ಸಿಗೆ ಸಮ ಅಂತ ಯುಜಿಸಿ ಒಪ್ಪಿಕೊಂಡಿತು. ಶಾಲಾ ಶಿಕ್ಷಕರಿಗೆ 2017ರ ಸೆಪ್ಟೆಂಬರ್ 5ರಂದು ಶುರುವಾದ ‘ದೀಕ್ಷಾ’ ವೇದಿಕೆ ಇದೆ. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಆರಂಭವಾದ ‘ನಿಷ್ಠಾ’ ಕೋವಿಡ್ ಕಾಲದಲ್ಲಿ ದೀಕ್ಷಾ ಮೂಲಕ ಆನ್‌ಲೈನ್ ಆಯ್ತು.

ಇಲ್ಲಿ ಎರಡು ಸಮಸ್ಯೆ ಕಾಣುತ್ತೆ. ಒಂದು ಸಮಯದ್ದು. ರಿಫ್ರೆಷರ್ ಕೋರ್ಸಿಗೆ ಹಿಂದೆ ರಜೆ ಕೊಟ್ಟು ಕಳಿಸುತ್ತಿದ್ದರು. ಅಧ್ಯಾಪಕರು ಬೇರೆ ಊರಿಗೆ ಹೋಗಿ, ಹತ್ತು ಜನರ ಜೊತೆ ಮಾತಾಡಿ, ಗ್ರಂಥಾಲಯ ನೋಡಿ ಬರುತ್ತಿದ್ದರು. ಈಗ ‘ನಿಮ್ಮದೇ ವೇಗದಲ್ಲಿ’ ಅಂದರೆ ಎಷ್ಟೋ ಸಲ ಮನೆಯಲ್ಲಿ, ರಾತ್ರಿ, ಭಾನುವಾರ ಅಂತಲೇ ಅರ್ಥ. ತರಬೇತಿ ಅನ್ನೋದು ಕೆಲಸದ ಭಾಗ. ಅದಕ್ಕೆ ಕೆಲಸದ ಹೊತ್ತಿನಲ್ಲೇ ಜಾಗ ಮಾಡಿಕೊಡಬೇಕು.

ಎರಡನೆಯದು ನಮ್ಮಂಥವರದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತಿರೋದು ಸಾವಿರಾರು ಅತಿಥಿ ಉಪನ್ಯಾಸಕರು. ನಮಗೆ ಬಡ್ತಿಯೇ ಇಲ್ಲ. ಹಾಗಾಗಿ ಬಡ್ತಿಗೆ ಲೆಕ್ಕಕ್ಕೆ ಬರೋ ಕೋರ್ಸ್ ಮಾಡಿ ಆಗಬೇಕಾದ್ದೂ ಏನಿಲ್ಲ. ಆದರೂ ನಮ್ಮಲ್ಲಿ ಎಷ್ಟೋ ಜನ ಇಂಥ ಕೋರ್ಸ್ ಮಾಡ್ತಾರೆ. ಹಳೆಯ ನೋಟ್ಸ್ ಬಿಟ್ಟು ಹೊಸದೇನಾದರೂ ಹೇಳಬೇಕು ಅನ್ನೋ ಆಸೆ ಅದಕ್ಕೆ ಕಾರಣ. ನಾನು ಅಂಕಿಅಂಶ ಶಾಸ್ತ್ರದ ಒಂದು ಎನ್‌ಪಿಟೆಲ್ ಕೋರ್ಸ್ ನೋಡಿದ ಮೇಲೆ ನನ್ನ ಪಾಠ ಹೇಳೋ ಕ್ರಮವೇ ಬದಲಾಯ್ತು. ಮೊದಲು ಸೂತ್ರ ಬರೆಸುತ್ತಿದ್ದೆ, ಈಗ ಸಂತೆಯ ಟೊಮೆಟೊ ಬೆಲೆಯಿಂದ ಶುರು ಮಾಡ್ತೇನೆ. ಉಚಿತ ಪಾಠದ ನಿಜವಾದ ಶಕ್ತಿ ನನಗೆ ಕಂಡಿದ್ದು ಇಲ್ಲಿ. ಒಬ್ಬ ಮೇಷ್ಟ್ರು ಸುಧಾರಿಸಿದರೆ ಅವರ ಎದುರು ಕೂತ ಅರವತ್ತು ಮಕ್ಕಳಿಗೂ ಅದು ತಲುಪುತ್ತೆ. ಆದರೆ ಅದಕ್ಕೆ ಮೇಷ್ಟ್ರು ತರಗತಿಯಲ್ಲಿ ಇರಬೇಕು, ಮುಂದಿನ ವರ್ಷವೂ ಇರ್ತೀನಿ ಅನ್ನೋ ನಂಬಿಕೆ ಅವರಿಗಿರಬೇಕು.

ಕನ್ನಡದಲ್ಲಿ ಎಷ್ಟಿದೆ?

ಎನ್‌ಪಿಟೆಲ್ ತನ್ನ ಹಲವು ಕೋರ್ಸ್‌ಗಳ ಪಾಠವನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿದೆ, ಅದರಲ್ಲಿ ಕನ್ನಡವೂ ಇದೆ. ಸ್ಪೋಕನ್ ಟ್ಯುಟೋರಿಯಲ್ ಬಗ್ಗೆ ಆಗಲೇ ಹೇಳಿದೆ. ಇಷ್ಟಾದರೂ ಪದವಿ ಮಟ್ಟದ ಸಮಾಜ ವಿಜ್ಞಾನ, ವಾಣಿಜ್ಯ ಓದೋ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಕನ್ನಡದಲ್ಲೇ ಯೋಚಿಸಿ ಕಟ್ಟಿದ ಪೂರ್ಣ ಕೋರ್ಸ್ ಸಿಗೋದು ಅಪರೂಪ. ಅನುವಾದ ಯಂತ್ರದ್ದಾದರೆ ವಾಕ್ಯ ಕನ್ನಡ, ಅರ್ಥ ಎಲ್ಲೋ. ಇಂಗ್ಲಿಷ್ ಪಾಠ ಕೇಳೋ ಮಕ್ಕಳಿಗೆ ನಾನು ಒಂದು ಉಪಾಯ ಹೇಳ್ತೇನೆ: ವಿಡಿಯೊ ಕೆಳಗೆ ಇಂಗ್ಲಿಷ್ ಸಾಲುಗಳನ್ನು ಹಾಕಿಕೊಳ್ಳಿ, ವೇಗವನ್ನು ಮುಕ್ಕಾಲಿಗೆ ಇಳಿಸಿ, ಪ್ರತಿ ಪಾಠಕ್ಕೂ ಹತ್ತು ಹೊಸ ಪದಗಳನ್ನು ಕನ್ನಡ ಅರ್ಥದ ಜೊತೆ ಬರೆದಿಡಿ. ಮೂರನೇ ವಾರದ ಹೊತ್ತಿಗೆ ಕಿವಿ ಒಗ್ಗುತ್ತೆ. ಆದರೆ ವಿದ್ಯಾರ್ಥಿಯ ಉಪಾಯ ಸರ್ಕಾರದ ಹೊಣೆಯನ್ನು ಕಳೆಯೋದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲಿ ಅದ್ಭುತವಾಗಿ ಪಾಠ ಮಾಡೋರಿದ್ದಾರೆ. ಅವರ ಮುಂದೆ ಒಂದು ಒಳ್ಳೆಯ ಕ್ಯಾಮೆರಾ ಇಡೋದು ಅಸಾಧ್ಯದ ಕೆಲಸವೇನಲ್ಲ.

ಸೇರುವ ಮೊದಲು

ಇಷ್ಟು ಓದಿದ ಮೇಲೆ ಕೋರ್ಸಿಗೆ ಸೇರಬೇಕೋ ಬೇಡವೋ ಅಂತ ಕೇಳಿದರೆ, ಖಂಡಿತ ಸೇರಿ ಅಂತಲೇ ನಾನು ಹೇಳೋದು. ಒಂದಷ್ಟು ಸೂಚನೆಗಳು:

- ಮೊದಲ ಸಲ ನಾಲ್ಕು ವಾರದ ಕೋರ್ಸ್ ಸಾಕು. ಒಂದೇ ಸಲಕ್ಕೆ ಮೂರು ಕೋರ್ಸ್ ಬೇಡ.
- ಹಳೆಯ ಸುತ್ತಿನ ವಿಡಿಯೊ ಯೂಟ್ಯೂಬಿನಲ್ಲಿ ಇದ್ದರೆ ಎರಡು ಪಾಠ ನೋಡಿ. ಮೇಷ್ಟ್ರ ಮಾತು ಒಗ್ಗಿದರೆ ನೋಂದಣಿ ಮಾಡಿ.
- ನಾಲ್ಕೈದು ಗೆಳೆಯರು ಸೇರಿ ವಾರಕ್ಕೊಂದು ದಿನ ಕೂತು ನೋಡಿ, ಚರ್ಚೆ ಮಾಡಿ. ಕಾಲೇಜಿನ ಒಂದು ಕೋಣೆಯನ್ನು ಕೇಳಿ ಪಡೆಯಿರಿ.
- ಕಾಲೇಜು ಎನ್‌ಪಿಟೆಲ್‌ನ ಸ್ಥಳೀಯ ಘಟಕವಾಗಿ ನೋಂದಣಿಯಾಗಿದೆಯಾ ಅಂತ ವಿಚಾರಿಸಿ. ಆಗಿದ್ದರೆ ಅದಕ್ಕೊಬ್ಬ ಹೊಣೆಗಾರ ಅಧ್ಯಾಪಕರು ಇರುತ್ತಾರೆ.
- ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನ ಕೋರ್ಸಿಗೆ ಸೇರುವ ಕೊನೆಯ ದಿನಕ್ಕಿಂತ ಬೇರೆ. ಎರಡನ್ನೂ ಬರೆದಿಡಿ. ಶುಲ್ಕ ಎಷ್ಟು, ಕೇಂದ್ರ ಯಾವ ಊರು ಅನ್ನೋದನ್ನು ಆಗಲೇ ನೋಡಿ.

ಕಾಲೇಜು ಇಡೀ ತರಗತಿಗೆ ಆನ್‌ಲೈನ್ ಕೋರ್ಸ್ ಕಡ್ಡಾಯ ಅಂದರೆ ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳು ಇವು: ಈ ವಿಷಯಕ್ಕೆ ಮಂಜೂರಾದ ಹುದ್ದೆ ಇದೆಯಾ, ಖಾಲಿ ಇದ್ದರೆ ಎಂದಿನಿಂದ? ಸಂಯೋಜಕರು ಯಾರು, ವಾರದಲ್ಲಿ ಯಾವ ಹೊತ್ತು ಸಿಗುತ್ತಾರೆ? ಲ್ಯಾಬ್ ಎಷ್ಟು ಗಂಟೆ ತೆರೆದಿರುತ್ತೆ? ಪರೀಕ್ಷಾ ಶುಲ್ಕ ಯಾರು ಕಟ್ಟುತ್ತಾರೆ? ಸರ್ಕಾರಿ ಕಾಲೇಜಾದರೆ ಈ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಹಾಕಬಹುದು, ಅರ್ಜಿ ಶುಲ್ಕ ಹತ್ತು ರೂಪಾಯಿ. ಮೇಷ್ಟ್ರು ಮತ್ತು ವಿದ್ಯಾರ್ಥಿಗಳು ಒಟ್ಟಿಗೆ ಕೇಳಿದರೆ ಈ ಪ್ರಶ್ನೆಗಳಿಗೆ ತೂಕ ಹೆಚ್ಚು. ಯಾಕೆಂದರೆ ಇಲ್ಲಿ ಇಬ್ಬರು ಕಳೆದುಕೊಳ್ಳೋದೂ ಒಂದೇ ತರಗತಿಯನ್ನು.